ಉಗುರುಸುತ್ತು: ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಉಗುರುಸುತ್ತು ಬಾರದ ಮನೆಯಿಲ್ಲ. ಬೆರಳಿನ ತುದಿಯಲ್ಲಿ, ಉಗುರಿನ ಅಂಚಿನಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ ಕಾಣಿಸಿಕೊಳ್ಳುವ ಈ ಬಾವು ಇಡೀ ರಾತ್ರಿಯ ನಿದ್ದೆಯನ್ನು ಕಸಿದುಕೊಳ್ಳಬಲ್ಲದು. ಬಲಗೈಯ ಹೆಬ್ಬೆರಳಿಗೋ ತೋರುಬೆರಳಿಗೋ ಬಂದರಂತೂ ಪೆನ್ನು ಹಿಡಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲೆಸುವುದು ಎಲ್ಲವೂ ಕಷ್ಟ. ಪರೀಕ್ಷೆಯ ಹಿಂದಿನ ದಿನ ಹೀಗಾದರೆ ವಿದ್ಯಾರ್ಥಿಯ ಪಾಡು ಹೇಳತೀರದು.

ಇದಕ್ಕೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉಪಚಾರ ನಡೆಯುತ್ತದೆ. ಒಂದು, ‘ಉಗುರುಸುತ್ತು ತಾನೇ, ತಾನಾಗಿಯೇ ಒಡೆದು ಹೋಗುತ್ತದೆ’ ಎಂದು ಸುಮ್ಮನಿರುವುದು. ಇನ್ನೊಂದು, ಮೊದಲ ದಿನವೇ ಔಷಧದ ಅಂಗಡಿಯಿಂದ ಕ್ಯಾಪ್ಸೂಲು ತಂದು ನುಂಗುವುದು. ಇಲ್ಲವೇ ಸೂಜಿಯನ್ನು ದೀಪಕ್ಕೆ ಹಿಡಿದು ಮನೆಯಲ್ಲೇ ಚುಚ್ಚುವುದು. ಎರಡೂ ಸರಿಯಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಈ ಕಾಯಿಲೆಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಕೊಡಲಿಯೇ ಬೇಕಾದ ಹೊತ್ತಿನಲ್ಲಿ ಉಗುರನ್ನೇ ನೆಚ್ಚಿ ಕೂರುವುದೂ ಅಷ್ಟೇ ಅಪಾಯ. ಯಾವಾಗ ಬಿಸಿನೀರು ಸಾಕು, ಯಾವಾಗ ವೈದ್ಯರ ಕೈಯಿಂದ ಕೀವು ತೆಗೆಸಬೇಕು, ಯಾವಾಗ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು - ಈ ಮೂರನ್ನು ತಿಳಿದಿದ್ದರೆ ಉಗುರುಸುತ್ತಿನ ಬಗ್ಗೆ ಮನೆಯವರು ತಿಳಿಯಬೇಕಾದದ್ದನ್ನು ಬಹುಮಟ್ಟಿಗೆ ತಿಳಿದಂತೆ.

ಉಗುರಿನ ರಚನೆ

ಉಗುರು ಕೆರಾಟಿನ್ ಎಂಬ ಗಟ್ಟಿಯಾದ ಪ್ರೋಟೀನಿನಿಂದ ಆದದ್ದು. ಕೂದಲು, ದನದ ಕೊಂಬು, ಕುದುರೆಯ ಗೊರಸು ಇವೆಲ್ಲವೂ ಇದೇ ಬಗೆಯ ವಸ್ತುವಿನಿಂದಾದವು. ಕಣ್ಣಿಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ, ಆದ್ದರಿಂದಲೇ ಅದನ್ನು ಕತ್ತರಿಸಿದರೆ ನೋವಾಗುವುದಿಲ್ಲ. ಜೀವವಿರುವುದು ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ ಅಡಗಿರುವ ಬೇರಿನಲ್ಲಿ. ಅಲ್ಲಿಂದ ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ಒಂದು ಉಗುರು ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು ಬೇಕು. ಕಾಲಿನ ಉಗುರಿಗೆ ಒಂದು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ.

ಉಗುರಿನ ಮೂರು ಕಡೆ ಚರ್ಮವು ಕಿಟಕಿಯ ಗಾಜಿಗೆ ಚೌಕಟ್ಟು ಹಾಕಿದಂತೆ ಸುತ್ತುವರಿದಿದೆ. ಬುಡದಲ್ಲಿ ಚರ್ಮಕ್ಕೂ ಉಗುರಿಗೂ ನಡುವೆ ಒಂದು ತೆಳುಪೊರೆ ಅಂಟಿಕೊಂಡಿರುತ್ತದೆ. ನೋಡಲು ಅಷ್ಟೇನೂ ಚೆಂದವಿಲ್ಲದ ಈ ಪೊರೆಯನ್ನು ಅನೇಕರು ಕೆರೆದು, ಕತ್ತರಿಸಿ ತೆಗೆಯುತ್ತಾರೆ. ಆದರೆ ಅದರ ಕೆಲಸ ದೊಡ್ಡದು. ಕಿಟಕಿಯ ಸಂದಿಗೆ ಮೆತ್ತಿದ ಮೇಣದಂತೆ ಅದು ನೀರು, ಕೊಳೆ, ರೋಗಾಣುಗಳು ಒಳಹೋಗದಂತೆ ಸಂದಿಯನ್ನು ಮುಚ್ಚಿರುತ್ತದೆ. ಈ ಮೇಣ ಕಿತ್ತುಹೋದರೆ ಉಗುರುಸುತ್ತಿಗೆ ದಾರಿ ತೆರೆದಂತೆ.

ದಾರಿ ತೆರೆಯುವುದು ಹೇಗೆ?

ವಿದ್ಯಾರ್ಥಿಗಳಲ್ಲಿ ಮುಖ್ಯ ಕಾರಣ ಉಗುರು ಕಚ್ಚುವ ಅಭ್ಯಾಸ. ಓದುವಾಗ, ಟಿ.ವಿ. ನೋಡುವಾಗ, ಫಲಿತಾಂಶಕ್ಕೆ ಕಾಯುವಾಗ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಉಗುರಿನ ಜೊತೆಗೆ ಪಕ್ಕದ ಚರ್ಮವೂ ಹರಿಯುತ್ತದೆ. ಎಂಜಲಿನಲ್ಲಿರುವ ನೂರಾರು ಬಗೆಯ ಸೂಕ್ಷ್ಮಜೀವಿಗಳು ಆ ಗಾಯಕ್ಕೆ ಸೇರುತ್ತವೆ. ಎರಡನೆಯ ಕಾರಣ ಉಗುರಿನ ಪಕ್ಕದಲ್ಲಿ ಎದ್ದುನಿಲ್ಲುವ ಚರ್ಮದ ಸಿಬಿರು. ಅದನ್ನು ಹಲ್ಲಿನಿಂದಲೋ ಬೆರಳಿನಿಂದಲೋ ಎಳೆದರೆ ಕೆಳಗಿನ ಹಸಿ ಚರ್ಮದವರೆಗೂ ಹರಿದುಬರುತ್ತದೆ. ಬೆರಳು ಚೀಪುವ ಚಿಕ್ಕ ಮಕ್ಕಳು, ಉಗುರಿನ ಸಂದಿಗೆ ಮುಳ್ಳೋ ಮೀನಿನ ಮೂಳೆಯೋ ಚುಚ್ಚಿಸಿಕೊಂಡವರು, ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸುವವರು, ಅಂದಕ್ಕಾಗಿ ಬುಡದ ಪೊರೆಯನ್ನು ತೆಗೆಸುವವರು - ಇವರೆಲ್ಲರಿಗೂ ಉಗುರುಸುತ್ತು ಬರುವ ಸಂಭವ ಹೆಚ್ಚು. ಮೊಡವೆಗೆಂದು ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವ ಕೆಲವು ಯುವಕ ಯುವತಿಯರಲ್ಲೂ ಇದು ಕಾಣಿಸಿಕೊಳ್ಳುವುದುಂಟು. ಅಂಥವರು ಮಾತ್ರೆ ಬರೆದುಕೊಟ್ಟ ವೈದ್ಯರಿಗೇ ಬೆರಳನ್ನು ತೋರಿಸಬೇಕು.

ಕಾಲಿನ ಹೆಬ್ಬೆರಳಿಗೆ ಬರುವ ಉಗುರುಸುತ್ತಿನ ಕತೆ ಸ್ವಲ್ಪ ಬೇರೆ. ಬೆರಳು ಇಕ್ಕಟ್ಟಾಗುವ ಶೂ, ಮಳೆಗಾಲದಲ್ಲಿ ದಿನವಿಡೀ ಒದ್ದೆಯಾಗಿರುವ ಕಾಲುಚೀಲ, ಮೂಲೆಗಳನ್ನು ಒಳಕ್ಕೆ ದುಂಡಗೆ ಕತ್ತರಿಸಿದ ಉಗುರು - ಇವು ಸೇರಿದರೆ ಉಗುರಿನ ಮೂಲೆ ಪಕ್ಕದ ಮಾಂಸದೊಳಗೆ ಬೆಳೆದು ಚುಚ್ಚತೊಡಗುತ್ತದೆ. ಕಾಲಿನ ಉಗುರನ್ನು ಯಾವಾಗಲೂ ನೇರವಾಗಿ ಕತ್ತರಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ದ್ರಾಕ್ಷಿ ಗೊಂಚಲಿನಂಥ ಜೀವಾಣು

ಹೆಚ್ಚಿನ ಉಗುರುಸುತ್ತುಗಳಿಗೆ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್ಟನ್ 1880ರಲ್ಲಿ ರೋಗಿಗಳ ಬಾವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಸಣ್ಣ ಸಣ್ಣ ಗುಂಡುಗಳು ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗೆ ಇರುವ ಪದದಿಂದಲೇ 1882ರಲ್ಲಿ ಅವನು ಈ ಹೆಸರನ್ನಿಟ್ಟ. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಇದರ ಹೊಂಬಣ್ಣವನ್ನು ನೋಡಿ ‘ಆರಿಯಸ್’, ಅಂದರೆ ಬಂಗಾರದ್ದು, ಎಂದು ಸೇರಿಸಿದ. ಹೆಸರೇನೋ ಬಂಗಾರ, ಕೆಲಸ ಮಾತ್ರ ಕೀವು ಮಾಡುವುದು.

ಈ ಜೀವಾಣು ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಂತರಾದ ಅನೇಕರ ಮೂಗಿನ ಹೊಳ್ಳೆಗಳಲ್ಲಿ, ಚರ್ಮದ ಮೇಲೆ ಅದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಚರ್ಮ ಹರಿದಾಗ ಮಾತ್ರ ಒಳಗೆ ನುಗ್ಗುತ್ತದೆ. ಅದನ್ನು ಎದುರಿಸಲು ರಕ್ತದ ಬಿಳಿಕಣಗಳು ಧಾವಿಸುತ್ತವೆ. ಈ ಹೋರಾಟದಲ್ಲಿ ಸತ್ತ ಬಿಳಿಕಣಗಳು, ಸತ್ತ ಜೀವಾಣುಗಳು, ಕರಗಿದ ಅಂಗಾಂಶ ಎಲ್ಲ ಸೇರಿದ್ದೇ ಕೀವು. ಬೆರಳ ತುದಿಯಲ್ಲಿ ಜಾಗ ಬಹಳ ಇಕ್ಕಟ್ಟು. ಒಂದು ಕಡೆ ಗಟ್ಟಿ ಉಗುರು, ಇನ್ನೊಂದು ಕಡೆ ಎಲುಬು, ನಡುವೆ ಹೇರಳವಾದ ನರಗಳು. ಬಾವು ಹಿಗ್ಗಲು ಎಡೆಯಿಲ್ಲದೆ ಒತ್ತಡ ಏರುತ್ತದೆ. ಎದೆಯ ಬಡಿತಕ್ಕೆ ಸರಿಯಾಗಿ ಬೆರಳು ‘ಟಕ್ ಟಕ್’ ಎಂದು ಸಿಡಿಯುವುದು ಇದರಿಂದಲೇ. ಕೈ ಜೋತುಬಿಟ್ಟರೆ ನೋವು ಹೆಚ್ಚುವುದೂ, ಎತ್ತಿ ಹಿಡಿದರೆ ಕಡಿಮೆಯಾಗುವುದೂ ಇದೇ ಒತ್ತಡದ ಆಟ.

ಮೊದಲ ಎರಡು ದಿನ

ಮೊದಲ ಹಂತದಲ್ಲಿ ಉಗುರಿನ ಪಕ್ಕ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ನೋವಿನಿಂದ ಕೂಡಿರುತ್ತದೆ. ಕೀವು ಇನ್ನೂ ಕಟ್ಟಿರುವುದಿಲ್ಲ. ಚಿಕಿತ್ಸೆ ಅತ್ಯಂತ ಸುಲಭವಾಗಿರುವುದು ಈಗಲೇ. ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿಗಿಂತ ತುಸು ಹೆಚ್ಚು ಬಿಸಿಯಾದ, ಆದರೆ ಸುಡದ ನೀರನ್ನು ತೆಗೆದುಕೊಂಡು ಬೆರಳನ್ನು 10ರಿಂದ 15 ನಿಮಿಷ ಅದ್ದಿಡಬೇಕು. ದಿನಕ್ಕೆ ಮೂರು ನಾಲ್ಕು ಬಾರಿ ಹೀಗೆ ಮಾಡಬೇಕು. ನೀರು ಆರಿದರೆ ಮತ್ತೆ ಬಿಸಿನೀರು ಬೆರೆಸಬಹುದು; ಬೆರೆಸುವಾಗ ಬೆರಳು ಹೊರಗಿರಲಿ. ಚಿಕ್ಕ ಮಕ್ಕಳಿಗಾದರೆ ದೊಡ್ಡವರು ಮೊದಲು ತಮ್ಮ ಕೈಯನ್ನು ನೀರಿನಲ್ಲಿಟ್ಟು ಬಿಸಿಯನ್ನು ನೋಡಬೇಕು.

ಬಿಸಿಯಿಂದ ಆ ಭಾಗಕ್ಕೆ ರಕ್ತದ ಓಟ ಹೆಚ್ಚುತ್ತದೆ. ರಕ್ತದೊಡನೆ ಬಿಳಿಕಣಗಳೂ ಹೆಚ್ಚು ಬರುತ್ತವೆ. ಚರ್ಮ ಮೆತ್ತಗಾಗಿ ಸಂದಿ ಸಡಿಲವಾಗುತ್ತದೆ. ನೆನೆಸಿದ ಬಳಿಕ ಬೆರಳನ್ನು ಶುಭ್ರವಾದ ಬಟ್ಟೆಯಿಂದ ಸಂದಿಸಂದಿಯೂ ಒಣಗುವಂತೆ ಒರೆಸುವುದು ಅಷ್ಟೇ ಮುಖ್ಯ. ಆಮೇಲೆ ವೈದ್ಯರು ಹೇಳಿದ ಮುಲಾಮನ್ನು ತೆಳುವಾಗಿ ಹಚ್ಚಿ, ಧೂಳು ತಾಗದಂತೆ ಸಡಿಲವಾಗಿ ಬಟ್ಟೆ ಕಟ್ಟಬಹುದು. ಬಿಗಿಯಾಗಿ ಕಟ್ಟಬಾರದು. ರಾತ್ರಿ ಮಲಗುವಾಗ ಕೈಯ ಕೆಳಗೆ ದಿಂಬಿಟ್ಟು ಎತ್ತರದಲ್ಲಿರಿಸಿದರೆ ನೋವು ಕಡಿಮೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಅದನ್ನು ತೂಕಕ್ಕೆ ತಕ್ಕಂತೆ ಕೊಡಬೇಕು. ಮೊದಲೆರಡು ದಿನ ಇಷ್ಟನ್ನು ಶ್ರದ್ಧೆಯಿಂದ ಮಾಡಿದರೆ ಅನೇಕ ಉಗುರುಸುತ್ತುಗಳು ಕೀವು ಕಟ್ಟದೆಯೇ ಇಳಿದುಹೋಗುತ್ತವೆ. ಒಂದೇ ಒಂದು ಬಾರಿ ಬಿಸಿನೀರಿನಲ್ಲಿ ಅದ್ದಿ ‘ಗುಣವಾಗಲಿಲ್ಲ’ ಎನ್ನುವವರೇ ಹೆಚ್ಚು.

ಕೀವು ಕಟ್ಟಿದ ಮೇಲೆ

ಎರಡು ಮೂರು ದಿನಗಳಲ್ಲಿ ಬಾವು ಇಳಿಯದೆ, ಉಗುರಿನ ಪಕ್ಕ ಹಳದಿ ಇಲ್ಲವೇ ಬಿಳಿಚಿಕೊಂಡ ಮಚ್ಚೆ ಕಾಣಿಸಿಕೊಂಡರೆ ಒಳಗೆ ಕೀವು ಕಟ್ಟಿದೆ ಎಂದರ್ಥ. ಆಗ ಒಂದು ಸರಳ ನಿಯಮವನ್ನು ನೆನಪಿಡಬೇಕು. ಕಟ್ಟಿದ ಕೀವಿಗೆ ಮಾತ್ರೆಯಲ್ಲ, ದಾರಿ ಬೇಕು. ಕೀವಿನ ಗೂಡಿನೊಳಗೆ ರಕ್ತನಾಳಗಳಿಲ್ಲ. ಹೀಗಾಗಿ ನುಂಗಿದ ಔಷಧ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ.

ಶಸ್ತ್ರಚಿಕಿತ್ಸೆ ಎಂಬ ಮಾತು ಕೇಳಿದೊಡನೆ ಮಕ್ಕಳೂ ಹೆತ್ತವರೂ ಹೆದರುತ್ತಾರೆ. ಹೆದರಬೇಕಾದ್ದಿಲ್ಲ. ಬೇಕೆನಿಸಿದರೆ ವೈದ್ಯರು ಬೆರಳಿನ ಬುಡಕ್ಕೆ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು ಬೆರಳನ್ನು ಮರಗಟ್ಟಿಸುತ್ತಾರೆ. ಬಳಿಕ ಉಗುರಿಗೆ ಸಮಾನಾಂತರವಾಗಿ ಚಪ್ಪಟೆಯಾದ ಉಪಕರಣವನ್ನು ತೂರಿಸಿ, ಉಗುರಿನಿಂದ ಚರ್ಮದ ಮಡಿಕೆಯನ್ನು ಮೆಲ್ಲನೆ ಎತ್ತುತ್ತಾರೆ. ಅನೇಕ ವೇಳೆ ಚರ್ಮವನ್ನು ಕೊಯ್ಯುವ ಅಗತ್ಯವೂ ಬೀಳುವುದಿಲ್ಲ. ಕೀವು ಹೊರಬಿದ್ದ ಕ್ಷಣವೇ ಒತ್ತಡ ಇಳಿದು ನೋವು ತಗ್ಗುತ್ತದೆ. ಎರಡು ರಾತ್ರಿ ನಿದ್ದೆಯಿಲ್ಲದ ಹುಡುಗ ಆ ರಾತ್ರಿ ಹಾಯಾಗಿ ಮಲಗುತ್ತಾನೆ. ಕೀವು ಉಗುರಿನ ಅಡಿಗೂ ಹರಡಿದ್ದರೆ ಉಗುರಿನ ಸ್ವಲ್ಪ ಭಾಗವನ್ನು ತೆಗೆಯಬೇಕಾಗಬಹುದು. ಬೇರು ಕೆಡದಿದ್ದರೆ ಉಗುರು ಮತ್ತೆ ಬೆಳೆಯುತ್ತದೆ. ಕೀವು ತೆಗೆದ ನಂತರವೂ ಎರಡು ಮೂರು ದಿನ ಬಿಸಿನೀರಿನ ಉಪಚಾರವನ್ನು ಮುಂದುವರಿಸಬೇಕು.

ಇದೇ ಕೆಲಸವನ್ನು ಮನೆಯಲ್ಲಿ ಸೂಜಿಯಿಂದ ಮಾಡಿದರೆ ಏನು? ಕೀವು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂಬುದು ತಿಳಿಯದೆ ಚುಚ್ಚಿದಾಗ ಮೇಲಿದ್ದ ಸೋಂಕು ಆಳಕ್ಕೆ ಇಳಿಯಬಹುದು. ಉಗುರಿನ ಬೇರಿಗೆ ಪೆಟ್ಟಾದರೆ ಆ ಉಗುರು ಜೀವನಪರ್ಯಂತ ಸೊಟ್ಟಗೆ ಬೆಳೆಯಬಹುದು. ಹಿಂಡಿ ಹಿಂಡಿ ಕೀವು ತೆಗೆಯುವುದೂ ಅಷ್ಟೇ ಕೆಟ್ಟದ್ದು.

ಮಾತ್ರೆ ಯಾವಾಗ?

ಕೆಂಪು ಬಣ್ಣ ಬೆರಳಿನ ಮೇಲ್ಭಾಗಕ್ಕೆ ಹರಡುತ್ತಿದ್ದರೆ, ಜ್ವರವಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ ಅಥವಾ ದೇಹದ ನಿರೋಧಶಕ್ತಿ ಕುಗ್ಗಿದ್ದರೆ ವೈದ್ಯರು ಆಂಟಿಬಯೋಟಿಕ್ ಮಾತ್ರೆ ಬರೆದುಕೊಡುತ್ತಾರೆ. ಕೀವನ್ನು ಚೆನ್ನಾಗಿ ತೆಗೆದ ಮೇಲೆ, ಸೋಂಕು ಹರಡದ ಆರೋಗ್ಯವಂತರಿಗೆ ಅದು ಬೇಕಾಗದೆಯೂ ಇರಬಹುದು.

ಇಲ್ಲಿ ಒಂದು ವಿಚಿತ್ರವಿದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೆಳೆಸುತ್ತಿದ್ದದ್ದು ಇದೇ ಜಾತಿಯ ಸ್ಟ್ಯಾಫಿಲೊಕಾಕಸ್ ಜೀವಾಣುಗಳನ್ನು. ಆ ತಟ್ಟೆಗೆ ಬಿದ್ದ ಬೂಷ್ಟು ಅವುಗಳನ್ನು ಕೊಂದದ್ದನ್ನು ಕಂಡಾಗಲೇ ಪೆನಿಸಿಲಿನ್ ಪತ್ತೆಯಾಯಿತು. ಇಂದು ಅದೇ ಜೀವಾಣುವಿನ ಬಹುಪಾಲು ತಳಿಗಳು ಸಾದಾ ಪೆನಿಸಿಲಿನ್‌ಗೆ ಜಗ್ಗುವುದಿಲ್ಲ. ಅದನ್ನು ಒಡೆದುಹಾಕುವ ರಾಸಾಯನಿಕವನ್ನು ತಾವೇ ತಯಾರಿಸುತ್ತವೆ. ಕಡಿಮೆ ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ಜೀವಾಣುಗಳು ಅದಕ್ಕೆ ಒಗ್ಗಿಹೋಗುತ್ತವೆ ಎಂದು ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗಲೇ ಎಚ್ಚರಿಸಿದ್ದ. ಕಳೆದ ಸಲ ಕೆಮ್ಮಿಗೆ ತಂದು ಉಳಿದ ನಾಲ್ಕು ಕ್ಯಾಪ್ಸೂಲುಗಳನ್ನು ಉಗುರುಸುತ್ತಿಗೆ ನುಂಗುವವರು ಮಾಡುತ್ತಿರುವುದು ಈ ತಪ್ಪನ್ನೇ. ಔಷಧದ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಈ ಗೆರೆಯ ಬಗ್ಗೆ ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ಕಾರ್ಯಕ್ರಮವನ್ನೇ ಕೈಗೊಂಡಿತ್ತು. ವೈದ್ಯರು ಐದು ದಿನಕ್ಕೆ ಬರೆದುಕೊಟ್ಟದ್ದನ್ನು ಎರಡು ದಿನಕ್ಕೆ ನಿಲ್ಲಿಸುವುದೂ ಸರಿಯಲ್ಲ.

ನಿಂಬೆಹಣ್ಣಿನ ಟೋಪಿ

ಉಗುರುಸುತ್ತು ಎಂದೊಡನೆ ನಮ್ಮ ಕಡೆ ಅಜ್ಜಿಯಂದಿರು ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ತೊಡಿಸುತ್ತಾರೆ. ತಂಪಿನಿಂದ ಕೆಲಹೊತ್ತು ಹಿತವೆನಿಸಬಹುದು, ಬೆರಳಿಗೆ ಏನೂ ತಗಲದಂತೆ ಕಾಪಾಡಲೂಬಹುದು. ಆದರೆ ಒಳಗೆ ಕಟ್ಟಿದ ಕೀವನ್ನು ನಿಂಬೆಹಣ್ಣು ಹೊರತೆಗೆಯುವುದಿಲ್ಲ. ಚರ್ಮ ಹರಿದಿದ್ದರೆ ಹುಳಿರಸ ವಿಪರೀತ ಉರಿಸುತ್ತದೆ. ಬೆರಳು ಊದುತ್ತಿರುವಾಗ ಬಿಗಿಯಾದ ಟೋಪಿ ತೊಡಿಸಿದರೆ ನೋವು ಇಮ್ಮಡಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮೂರು ದಿನ ಟೋಪಿಯೊಳಗೇ ಇದ್ದ ಬೆರಳು ಯಾವ ಸ್ಥಿತಿಯಲ್ಲಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ಅರಿಶಿನ ದಪ್ಪವಾಗಿ ಮೆತ್ತಿದರೆ ಚರ್ಮದ ಕೆಂಪು ಹಳದಿಯಲ್ಲಿ ಮುಚ್ಚಿಹೋಗಿ ಸೋಂಕು ಹರಡುತ್ತಿರುವುದು ತಿಳಿಯುವುದಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ. ಎಕ್ಕದ ಹಾಲು ಗುಳ್ಳೆ ಎಬ್ಬಿಸುತ್ತದೆ. ಸಗಣಿ, ಮಣ್ಣು ಮೆತ್ತುವುದಂತೂ ಸಲ್ಲದು. ಧನುರ್ವಾಯುವಿನ ರೋಗಾಣುಗಳು ಅವುಗಳಲ್ಲೇ ಇರುತ್ತವೆ. ಮುಳ್ಳು ಚುಚ್ಚಿ ಬಂದ ಉಗುರುಸುತ್ತಾದರೆ ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಬೇಕು. ಈಗ ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರದ ಲಸಿಕಾ ಕಾರ್ಯಕ್ರಮದಡಿ ಟಿ.ಡಿ. ಚುಚ್ಚುಮದ್ದನ್ನು ಕೊಡಲಾಗುತ್ತದೆ. ಅದನ್ನು ತಪ್ಪಿಸಬಾರದು.

ಕಾಯಬಾರದ ಲಕ್ಷಣಗಳು

ಬೆರಳಿನ ಸೋಂಕು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 1847ರ ಮಾರ್ಚ್‌ನಲ್ಲಿ ವಿಯೆನ್ನಾ ನಗರದಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕ ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಾಗಿತು. ಸಣ್ಣ ಗಾಯ. ಅದರಿಂದಲೇ ಮೈಯೆಲ್ಲ ನಂಜೇರಿ ಅವನು ತೀರಿಕೊಂಡ. ಅವನ ಗೆಳೆಯನಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್, ಹೆರಿಗೆಯಾದ ತಾಯಂದಿರನ್ನು ಕೊಲ್ಲುತ್ತಿದ್ದ ಬಾಣಂತಿ ಜ್ವರವೂ ಇಂಥದೇ ಎಂದು ಇದರಿಂದ ಗ್ರಹಿಸಿದ. ಶವಪರೀಕ್ಷೆ ಮಾಡಿದ ವೈದ್ಯರ ಕೈಗಳೇ ಆ ವಿಷವನ್ನು ಹೊತ್ತು ತರುತ್ತಿದ್ದವು. ವೈದ್ಯರೆಲ್ಲ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಅದೇ ವರ್ಷ ನಿಯಮ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ಜುಲೈ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಕೈ ತೊಳೆಯುವ ಪಾಠವನ್ನು ಜಗತ್ತು ಕಲಿತದ್ದರ ಹಿಂದೆ ಒಂದು ಬೆರಳಿನ ಗಾಯವಿತ್ತು.

ಇಂದು ಔಷಧಗಳಿವೆ, ಅಷ್ಟು ಭಯಪಡಬೇಕಾದ್ದಿಲ್ಲ. ಆದರೆ ಕೆಳಗಿನ ಲಕ್ಷಣಗಳು ಕಂಡರೆ ಒಂದು ರಾತ್ರಿಯೂ ತಡಮಾಡಬಾರದು:

* ಬೆರಳಿನಿಂದ ಮುಂಗೈಯತ್ತ ಕೆಂಪು ಗೆರೆ ಏರುತ್ತಿರುವುದು. ಮೊಣಕೈಯಲ್ಲೋ ಕಂಕುಳಲ್ಲೋ ನೋಯುವ ಗಡ್ಡೆ.

* ಚಳಿ ಜ್ವರ, ವಾಂತಿ, ವಿಪರೀತ ಸುಸ್ತು.

* ಬೆರಳ ತುದಿಯ ಮೆತ್ತನೆಯ ತಿರುಳು ಕಲ್ಲಿನಂತೆ ಬಿಗಿದು ಸಿಡಿಯುವುದು. ಇಲ್ಲಿ ಕೀವು ಕಟ್ಟಿ ನಿಂತರೆ ಎಲುಬಿಗೂ ಸೋಂಕು ತಗಲಬಹುದು.

* ಇಡೀ ಬೆರಳು ಒಂದೇ ಸಮನೆ ಊದಿ, ಅರ್ಧ ಮಡಿಸಿದಂತೆ ನಿಂತು, ನೇರ ಮಾಡಲು ಹೋದರೆ ತಾಳಲಾರದ ನೋವಾಗುವುದು. ಇದು ಬೆರಳನ್ನು ಮಡಿಸುವ ಸ್ನಾಯುರಜ್ಜುವಿನ ಕೋಶಕ್ಕೆ ಸೋಂಕು ಇಳಿದಿರುವುದರ ಗುರುತು. ಷಿಕಾಗೋ ನಗರದ ಶಸ್ತ್ರವೈದ್ಯ ಅಲೆನ್ ಕೆನವೆಲ್ ಕೈಯ ಸೋಂಕುಗಳ ಬಗ್ಗೆ ಬರೆದ ಗ್ರಂಥ 1912ರಲ್ಲಿ ಪ್ರಕಟವಾಯಿತು. ಈ ಗುರುತುಗಳನ್ನು ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ತಡವಾದರೆ ಬೆರಳು ಶಾಶ್ವತವಾಗಿ ಮರಗಟ್ಟಿದಂತೆ ಬಿಗಿದುಕೊಳ್ಳಬಹುದು.

* ಸಕ್ಕರೆ ಕಾಯಿಲೆ ಇರುವವರಲ್ಲಿ ಯಾವುದೇ ಉಗುರುಸುತ್ತು, ಅದರಲ್ಲೂ ಕಾಲಿನದು. ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಹೀಗಾದಾಗ ‘ನೋವೇನೂ ಇಲ್ಲ’ ಎಂದರೂ ನಂಬಬಾರದು. ಆ ಕಾಯಿಲೆಯಲ್ಲಿ ನರಗಳು ಮಂದವಾಗಿ ನೋವೇ ತಿಳಿಯದಿರಬಹುದು.

ಎಲ್ಲವೂ ಉಗುರುಸುತ್ತಲ್ಲ

ಉಗುರಿನ ಸುತ್ತ ಕೀವಿನ ಬದಲು ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ವಿಪರೀತ ಉರಿಯುತ್ತಿದ್ದರೆ ಅದು ಹರ್ಪಿಸ್ ಎಂಬ ವೈರಸ್ಸಿನ ಕೆಲಸವಿರಬಹುದು. ಬಾಯಿಯಲ್ಲಿ ಈ ವೈರಸ್ಸಿನ ಹುಣ್ಣಾಗಿರುವ ಮಕ್ಕಳು ಬೆರಳು ಚೀಪಿದಾಗ ಬೆರಳಿಗೂ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಇದನ್ನು ಕೊಯ್ಯಬಾರದು, ಕೊಯ್ದರೆ ಹೆಚ್ಚಾಗುತ್ತದೆ. ಮನೆಯ ಸೂಜಿಗೆ ಕೈ ಹಾಕಬಾರದು ಎನ್ನಲು ಇದೂ ಒಂದು ಕಾರಣ.

ಇನ್ನೊಂದು ಮಾತು ಅಡುಗೆಮನೆಗೆ, ಹಾಸ್ಟೆಲಿನ ಮೆಸ್ಸಿಗೆ ಸಂಬಂಧಿಸಿದ್ದು. ಕೀವಿರುವ ಬೆರಳಿನಿಂದ ಅಡುಗೆ ಮಾಡುವುದು, ಮೊಸರನ್ನ ಕಲೆಸುವುದು, ಸಿಹಿ ಹಂಚುವುದು ಮಾಡಬಾರದು. ಸ್ಟ್ಯಾಫಿಲೊಕಾಕಸ್ ಆಹಾರದಲ್ಲಿ ಬೆಳೆದು ಒಂದು ಬಗೆಯ ವಿಷವನ್ನು ಬಿಡುತ್ತದೆ. ಮತ್ತೆ ಕುದಿಸಿದರೆ ಜೀವಾಣು ಸಾಯುತ್ತದೆಯೇ ಹೊರತು ಆ ವಿಷ ಹೋಗುವುದಿಲ್ಲ. ಅದನ್ನು ಉಂಡವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗುತ್ತದೆ.

ಬಾರದಂತೆ ತಡೆಯುವುದು

ಉಗುರು ಕಚ್ಚುವ ಮಗುವಿಗೆ ಬೈದು, ಕೈಗೆ ಹೊಡೆದು ಆ ಅಭ್ಯಾಸವನ್ನು ಬಿಡಿಸಿದವರು ಕಡಿಮೆ. ಗಾಬರಿಯಿಂದ ಕಚ್ಚುವ ಮಗು ಬೈಗಳಿಗೆ ಇನ್ನಷ್ಟು ಗಾಬರಿಗೊಂಡು ಇನ್ನಷ್ಟು ಕಚ್ಚುತ್ತದೆ. ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂದು ಮೊದಲು ಗಮನಿಸಬೇಕು. ಗಣಿತದ ಲೆಕ್ಕ ಬಿಡಿಸುವಾಗಲೋ, ಅಂಕಪಟ್ಟಿ ತರುವ ದಿನವೋ ಎಂಬುದು ತಿಳಿದರೆ ಚಿಕಿತ್ಸೆ ಬೇಕಾದದ್ದು ಉಗುರಿಗೋ ಆತಂಕಕ್ಕೋ ಎಂಬುದೂ ತಿಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಬೇರೆ ಏನಾದರೂ ಕೆಲಸ ಕೊಡಬೇಕು. ಉಗುರನ್ನು ಗಿಡ್ಡವಾಗಿ, ನಯವಾಗಿ ಇಟ್ಟರೆ ಕಚ್ಚಲು ಸಿಗುವುದೂ ಕಡಿಮೆ.

ಉಗುರು ಕತ್ತರಿಸಲು ಸ್ನಾನದ ನಂತರದ ಹೊತ್ತು ಒಳ್ಳೆಯದು, ಆಗ ಉಗುರು ಮೆತ್ತಗಿರುತ್ತದೆ. ಸಿಬಿರು ಎದ್ದರೆ ಎಳೆಯದೆ, ಶುಭ್ರವಾದ ಕತ್ತರಿಯಿಂದ ಬುಡಕ್ಕೆ ಸರಿಯಾಗಿ ಕತ್ತರಿಸಬೇಕು. ಒಬ್ಬರ ಉಗುರುಕತ್ತರಿಯನ್ನು, ಮುಖ್ಯವಾಗಿ ಹಾಸ್ಟೆಲಿನಲ್ಲಿ, ಇನ್ನೊಬ್ಬರು ಬಳಸಬಾರದು. ಬುಡದ ತೆಳುಪೊರೆಯನ್ನು ಅದರ ಪಾಡಿಗೆ ಬಿಡಬೇಕು. ಮಳೆಗಾಲದಲ್ಲಿ ಶಾಲೆಯಿಂದ ಬಂದ ಕೂಡಲೇ ಶೂ, ಕಾಲುಚೀಲ ಬಿಚ್ಚಿ ಬೆರಳುಗಳ ಸಂದಿಯನ್ನು ಒರೆಸಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು.

ತಾಯಂದಿರ ಉಗುರುಸುತ್ತು

ಮಗನಿಗೋ ಮಗಳಿಗೋ ಉಗುರುಸುತ್ತಾದರೆ ಮನೆಯೆಲ್ಲ ಎಚ್ಚೆತ್ತುಕೊಳ್ಳುತ್ತದೆ. ಆದರೆ ಅದೇ ಮನೆಯಲ್ಲಿ ಇನ್ನೊಂದು ಬಗೆಯ ಉಗುರುಸುತ್ತು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದುಂಟು. ಅದು ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ನೆಲ ಸಾರಿಸುವ ಕೈಗಳದು. ಇದರಲ್ಲಿ ಸಿಡಿಯುವ ನೋವಿಲ್ಲ, ಕೀವೂ ಅಷ್ಟಾಗಿ ಇಲ್ಲ. ಎರಡು ಮೂರು ಬೆರಳುಗಳಲ್ಲಿ ಉಗುರಿನ ಬುಡ ದಪ್ಪಗಾಗಿ ಊದಿ, ತೆಳುಪೊರೆ ಮಾಯವಾಗಿ, ಉಗುರಿನ ಮೇಲೆ ಅಡ್ಡಗೆರೆಗಳು ಮೂಡುತ್ತವೆ. 6 ವಾರಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಉಗುರುಸುತ್ತು ಎನ್ನುತ್ತಾರೆ. ಹೋಟೆಲಿನಲ್ಲಿ ಲೋಟ ತೊಳೆಯುವವರು, ಮೀನು ಮಾರುವವರು, ರಾಮನಗರ ಶಿಡ್ಲಘಟ್ಟಗಳಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡಿನ ನೂಲು ಬಿಚ್ಚುವವರು, ಹೀಗೆ ಕೈ ಸದಾ ಒದ್ದೆಯಾಗಿರುವ ಯಾರಿಗೂ ಇದು ಬರಬಹುದು.

ಇದಕ್ಕೆಲ್ಲ ಬೂಷ್ಟಿನ ಜಾತಿಯ ಕ್ಯಾಂಡಿಡಾ ಎಂಬ ಶಿಲೀಂಧ್ರವೇ ಕಾರಣ ಎಂದು ಹಿಂದೆ ತಿಳಿಯಲಾಗಿತ್ತು. ಈಗಿನ ತಿಳಿವಳಿಕೆ ಬೇರೆ. ನೀರು ಮತ್ತು ಸಾಬೂನಿನಿಂದ ಚರ್ಮ ಕೆರಳುವುದು ಮೂಲ ಕಾರಣ. ಶಿಲೀಂಧ್ರ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಆಂಟಿಬಯೋಟಿಕ್ ಮಾತ್ರೆಯಿಂದ ಪ್ರಯೋಜನವಿಲ್ಲ, ಬಿಸಿನೀರಿನಲ್ಲಿ ನೆನೆಸುವುದಂತೂ ತದ್ವಿರುದ್ಧ. ಇದಕ್ಕೆ ಬೇಕಾದದ್ದು ಒಣಗಿದ ಕೈ. ವೈದ್ಯರು ಕೆರಳಿಕೆ ಇಳಿಸುವ ಮುಲಾಮನ್ನು ಕೊಡುತ್ತಾರೆ, ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡುತ್ತಾರೆ. ನೀರಿನ ಕೆಲಸಕ್ಕೆ ರಬ್ಬರ್ ಕೈಚೀಲ, ಅದರೊಳಗೆ ಹತ್ತಿಯ ತೆಳು ಕೈಚೀಲ ಹಾಕಿಕೊಳ್ಳಬೇಕು. ಪ್ರತಿ ಸಲವೂ ಕೈ ಒರೆಸಿ ಒಣಗಿಸಿ ವ್ಯಾಸಲೀನ್ ಹಚ್ಚಬೇಕು. ಕಳಚಿದ ಪೊರೆ ಮತ್ತೆ ಬೆಳೆದು ಸಂದಿ ಮುಚ್ಚಲು ಕೆಲವು ತಿಂಗಳುಗಳೇ ಬೇಕಾಗುತ್ತದೆ. ಒಂದೇ ಬೆರಳಿನಲ್ಲಿ, ಯಾವ ಚಿಕಿತ್ಸೆಗೂ ಬಗ್ಗದೆ ಉಳಿದರೆ ಬೇರೆ ಕಾಯಿಲೆಯೇನಾದರೂ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಅಪರೂಪಕ್ಕೆ ಚರ್ಮದ ಅರ್ಬುದವೂ ಹೀಗೆ ಕಾಣಿಸಿಕೊಳ್ಳುವುದುಂಟು.

ಆದರೆ ಮುಲಾಮು ಎಷ್ಟೇ ಒಳ್ಳೆಯದಾದರೂ ದಿನಕ್ಕೆ ಮೂರು ಹೊತ್ತು ಸಿಂಕಿನ ಮುಂದೆ ನಿಲ್ಲುವ ಕೈ ಒಣಗುವುದು ಹೇಗೆ? ಈ ಚಿಕಿತ್ಸೆಯ ಅರ್ಧ ಭಾಗ ವೈದ್ಯರ ಚೀಟಿಯಲ್ಲಿಲ್ಲ, ಮನೆಯವರ ಕೈಯಲ್ಲಿದೆ. ಊಟವಾದ ಮೇಲೆ ಮಕ್ಕಳು ತಮ್ಮ ತಟ್ಟೆ ಲೋಟಗಳನ್ನು ತಾವೇ ತೊಳೆದಿಟ್ಟರೆ, ರಾತ್ರಿಯ ಪಾತ್ರೆಗಳನ್ನು ತಂದೆ ವಹಿಸಿಕೊಂಡರೆ, ತಾಯಿಯ ಬೆರಳುಗಳು ಒಣಗಲು ಅಷ್ಟು ಹೊತ್ತು ಸಿಗುತ್ತದೆ. ಮುಲಾಮು ಕೆಲಸ ಮಾಡುವುದು ಆ ಹೊತ್ತಿನಲ್ಲೇ.